ಮಣಿ ಕೂಡಿಸಿದ ದಿನ

ಹೂಳು ತುಂಬಿದ ಹಳೆಯ ಕಟ್ಟೆಯ ಏರಿಗೆ ಒರಗಿಸಿ ನಿಲ್ಲಿಸಿದ ಒಂಟಿ ಬಾಗಿಲು. ಅದರ ನಟ್ಟನಡುವೆ ಅಂಗೈಯಗಲದ ಸುಣ್ಣದ ಬೊಟ್ಟು. ಅಪ್ಪನನ್ನು ನೆನೆದರೆ ಅವನ ಮುಖಕ್ಕಿಂತ ಮೊದಲು ಆ ಬಿಳಿ ಬೊಟ್ಟು ನನ್ನ ಕಣ್ಣಿಗೆ ಬರುತ್ತದೆ. ಎಳೆಬಿಸಿಲಿನಲ್ಲಿ ಅದು ಹಸಿಹಸಿಯಾಗಿ ಹೊಳೆಯುತ್ತಿತ್ತು. ಸುಣ್ಣ ಒಣಗುವವರೆಗೆ ಅಪ್ಪ ಬೀಡಿ ಹಚ್ಚಿಕೊಂಡು ಕಾಯುತ್ತಿದ್ದ. "ಹಸಿ ಬೊಟ್ಟಿಗೆ ಹೊಡೀಬಾರ್ದು ತಾಯಿ, ಕಣ್ಣಿಗೆ ಕುಕ್ತೈತೆ" ಎನ್ನುತ್ತಿದ್ದ.

ನಮ್ಮ ಊರಿನ ಬೆನ್ನಿಗೆ ಕಲ್ಲುಗುಡ್ಡಗಳ ಸಾಲು, ಅವುಗಳ ಮೈಮೇಲೆ ನಾವು ಹಳು ಎನ್ನುತ್ತಿದ್ದ ಕುರುಚಲು ಕಾಡು. ಹೊಲದಲ್ಲಿ ಶೇಂಗಾ ಕಾಯಿ ಕಟ್ಟುವ ಹೊತ್ತಿಗೆ ಕಾಡುಹಂದಿಗಳು ಇಳಿದು ಬಂದು, ಬೆಳಗಾಗುವುದರೊಳಗೆ ಹೊಲವನ್ನು ಉತ್ತ ಹಾಗೆ ಮಾಡಿ ಹೋಗುತ್ತಿದ್ದವು. ಆಗ ನಮ್ಮ ಓಣಿಯ ಗಂಡಸರು ಬೇಟೆಗೆ ಹೊರಡುತ್ತಿದ್ದರು. ಹೆಚ್ಚಿನವರು ಗುಡ್ಡದ ಆ ಮಗ್ಗುಲಿನಿಂದ ತಮಟೆ ಬಡಿಯುತ್ತ, ಕೂಗುತ್ತ, ಪೊದೆಗಳನ್ನು ಸೋವುತ್ತ ಬರುತ್ತಿದ್ದರು. ಗಾಬರಿಬಿದ್ದ ಹಂದಿ ಎರಡು ಬಂಡೆಗಳ ನಡುವಿನ ಕಂಡಿಯ ಕಡೆಗೆ ನುಗ್ಗುತ್ತಿತ್ತು. ಆ ಕಂಡಿಯಲ್ಲಿ ಬಂದೂಕು ಹಿಡಿದು ಒಬ್ಬನೇ ಒಬ್ಬ ನಿಂತಿರುತ್ತಿದ್ದ. ನಾನು ಹುಟ್ಟುವುದಕ್ಕೂ ಮೊದಲಿನಿಂದ ಆ ಒಬ್ಬ ನನ್ನ ಅಪ್ಪ, ಕಾಟಯ್ಯ.

ಹಂದಿಯ ಹಿಂದೆಯೇ ಮನುಷ್ಯರೂ ಬಂದೂಕಿನ ಎದುರಿಗೆ ಬರುತ್ತಿರುತ್ತಾರೆ. ಪೊದೆಯಲ್ಲಿ ಕಪ್ಪಗೆ ಅಲುಗಿದ್ದಕ್ಕೆಲ್ಲ ಬಂದೂಕಿನ ಕುದುರೆ ಎಳೆಯುವಂತಿಲ್ಲ. ಯಾರು ಎಲ್ಲಿ ನಿಲ್ಲಬೇಕೆಂದು ಹೇಳುತ್ತಿದ್ದವನು ಓಣಿಗೆ ಹಿರಿಯನಾದ ಗಾದ್ರಜ್ಜ. "ಕಂಡಿಯೋನ ಕಣ್ಣು ನಂಬ್ಕೊಂಡು ನಾವು ಹಳುವಿಗೆ ಕಾಲಿಡೋದು" ಎಂದು ಅವನು ಪ್ರತಿ ವರ್ಷವೂ ಹೇಳುತ್ತಿದ್ದ. ಹಾಗೆ ಹೇಳಿದಾಗಲೆಲ್ಲ ಅಪ್ಪ ತಲೆ ತಗ್ಗಿಸಿ ರುಮಾಲು ಸರಿಮಾಡಿಕೊಳ್ಳುತ್ತಿದ್ದ. ಅಷ್ಟು ಹೆಮ್ಮೆ ಅವನಿಗೆ.

ಬಂದೂಕು ನನ್ನ ತಾತನ ಕಾಲದ್ದು. ಒಂದೇ ನಳಿಗೆ, ಒಂದೇ ಗುಂಡು. ಹೊಡೆದ ಮೇಲೆ ಹಿಂಭಾಗ ತೆರೆದು, ಬಿಸಿ ಚಿಪ್ಪನ್ನು ಕಿತ್ತು, ಇನ್ನೊಂದು ತೋಟಾ ಇಡುವಷ್ಟರಲ್ಲಿ ಹಂದಿ ಮತ್ತೊಂದು ಗುಡ್ಡದಲ್ಲಿರುತ್ತಿತ್ತು. ಆದ್ದರಿಂದ ಬೇಟೆಯ ಹಿಂದಿನ ದಿನ ಬಂದೂಕಿನ ಗುರಿ ಸರಿನೋಡುವುದು ನಮ್ಮ ಮನೆಯ ದೊಡ್ಡ ಕೆಲಸ. ನಳಿಗೆಯ ತುದಿಯಲ್ಲಿ ಜೋಳದ ಕಾಳಿನಷ್ಟು ಹಿತ್ತಾಳೆಯ ಮಣಿ ಇತ್ತು. ಕಣ್ಣ ಹತ್ತಿರದ ಸೀಳಿನಲ್ಲಿ ಆ ಮಣಿಯನ್ನು ಕೂರಿಸಿ, ಮಣಿಯ ಮೇಲೆ ಬೊಟ್ಟನ್ನು ಕೂರಿಸಬೇಕು. ಗುಂಡು ಪಕ್ಕಕ್ಕೆ ಹೋದರೆ, ಹೋದ ಕಡೆಗೇ ಮಣಿಯನ್ನು ಕೂದಲೆಳೆಯಷ್ಟು ಸರಿಸಬೇಕು. ಇದಕ್ಕೆ ನಮ್ಮಲ್ಲಿ ಮಣಿ ಕೂಡಿಸುವುದು ಎನ್ನುತ್ತಿದ್ದರು.

ಬಾಗಿಲ ಹತ್ತಿರ ಬಂಡೆಯ ಮರೆಯಲ್ಲಿ ಕೂತು, ಪ್ರತಿ ಗುಂಡಿನ ನಂತರ ಎದ್ದುಬಂದು ತೂತಿಗೆ ಇದ್ದಿಲಿನ ಗೆರೆ ಹಾಕಿ ಕೂಗಿ ಹೇಳುವವಳು ನಾನು. ನಾನು ಶಾಲೆಯನ್ನು ಬೇಗ ಬಿಟ್ಟವಳು. ಹತ್ತು ಜನರೆದುರು ಎದ್ದು ನಿಂತು ಓದು ಎಂದರೆ ನಾನು ಪುಸ್ತಕದಿಂದ ಮುಖ ಮುಚ್ಚಿಕೊಳ್ಳುತ್ತಿದ್ದೆ. ಅವ್ವ ನನ್ನನ್ನು "ನಮ್ಮ ಮೂಗಿ" ಎಂದೇ ಕರೆಯುತ್ತಿದ್ದಳು. ಆದರೆ ಆ ಬಾಗಿಲ ಹತ್ತಿರ ಮಾತ್ರ ನನಗೆ ದನಿ ಬರುತ್ತಿತ್ತು. ಬಾಗಿಲಿನ ಒಂದು ಅಂಚಿಗೆ ಮುರಿದ ತಿರುಗಣೆ, ಇನ್ನೊಂದು ಅಂಚಿಗೆ ತುಕ್ಕು ಹಿಡಿದ ಚಿಲಕ. "ತಿರುಗಣೆ ಕಡೀಗೆ ಮೂರು ಬೆಟ್ಟು!" ಎಂದು ಬೆರಳಗಲದ ಲೆಕ್ಕದಲ್ಲಿ ನಾನು ಕೂಗಿದರೆ ಅಪ್ಪ ದೂರದಿಂದ ಕೈಯೆತ್ತುತ್ತಿದ್ದ. ಆಮೇಲೆ ಮಡಿಲಲ್ಲಿ ಬಂದೂಕು ಮಲಗಿಸಿಕೊಂಡು, ಮಣಿಗೆ ಕಟ್ಟಿಗೆಯ ತುಂಡು ಕೊಟ್ಟು ಸಣ್ಣ ಸುತ್ತಿಗೆಯಿಂದ ಮೆಲ್ಲಗೆ ತಟ್ಟುತ್ತಿದ್ದ. ಮದ್ದಿನ ಹೊಗೆ, ನಳಿಗೆಗೆ ಸವರಿದ ಹರಳೆಣ್ಣೆ, ಅವನ ಬೀಡಿ, ಈ ಮೂರೂ ಸೇರಿದ ವಾಸನೆ ಈಗಲೂ ಎಲ್ಲಾದರೂ ಮೂಗಿಗೆ ಬಡಿದರೆ ನಾನು ನಿಂತುಬಿಡುತ್ತೇನೆ.

ನೋಡುತ್ತ ಕೂರುವುದೇ ಅಭ್ಯಾಸವಾದವರಿಗೆ ಕೆಲವು ಸಂಗತಿಗಳು ಕೇಳದೆಯೇ ಕಾಣುತ್ತವೆ. ತಾತ ಮಣಿಯ ಬುಡದಲ್ಲಿ, ನಳಿಗೆಯ ಮೇಲೆ, ಒಂದು ಗೀರು ಕೊರೆದಿದ್ದ. ಮಣಿಯ ಸರಿಯಾದ ಜಾಗ ಅದು. ನಾನು ಚಿಕ್ಕವಳಿದ್ದಾಗ ಮಣಿ ಆ ಗೀರಿನ ಮೇಲೆಯೇ ಇರುತ್ತಿತ್ತು. ಬರಬರುತ್ತ ಗುಂಡು ಪ್ರತಿ ವರ್ಷವೂ ತಿರುಗಣೆಯ ಕಡೆಗೇ, ಅಂದರೆ ಅಪ್ಪನ ಎಡಕ್ಕೇ ಹೋಗತೊಡಗಿತು. ಮಣಿಯೂ ಎಡಕ್ಕೆ ಸರಿಯುತ್ತ ಹೋಯಿತು. ಅಪ್ಪ ಬಂದೂಕು ಹಿಡಿಯುವ ರೀತಿಯೂ ಬದಲಾಗಿತ್ತು. ಮೊದಲು ಬಲಗೆನ್ನೆಯನ್ನು ಹಿಡಿಕೆಗೆ ನೇರವಾಗಿ ಒತ್ತಿ ಹಿಡಿಯುತ್ತಿದ್ದವನು, ಈಗ ಕತ್ತನ್ನು ಹಿಡಿಕೆಯ ಮೇಲಿಂದ ಆಚೆಗೆ ಚಾಚಿ, ನಿದ್ದೆಯಲ್ಲಿ ತಲೆ ವಾಲಿಸಿದವನಂತೆ ನೋಡುತ್ತಿದ್ದ. "ಹಳೇ ನಳಿಗೆ, ಬಾಗೈತೆ ಅಂತ ಕಾಣ್ತದೆ" ಎಂದು ತನಗೆ ತಾನೇ ಹೇಳಿಕೊಳ್ಳುತ್ತಿದ್ದ. ನಾನೂ ಹಾಗೆಯೇ ನಂಬಿದ್ದೆ.

ಆ ವರ್ಷ ಬೇಟೆಯ ಹೊತ್ತಿಗೆ ಬೊಮ್ಮಣ್ಣ ಮಾವ ಬಂದ. ಅವ್ವನ ಬೆನ್ನಿಗೆ ಹುಟ್ಟಿದ ತಮ್ಮ. ದೂರದ ಊರಿನಲ್ಲಿ ಕುರಿ ಕಾಯುತ್ತ ಬೆಳೆದವನು. ಗುರಿಯಲ್ಲಿ ಅವನನ್ನು ಮೀರಿಸಿದವರಿಲ್ಲ ಎಂಬ ಮಾತು ನಮ್ಮ ಓಣಿಗೂ ಮುಟ್ಟಿತ್ತು. ನೆಂಟನಾಗಿ ಬಂದ ಗಂಡಸಿಗೆ ಮಣಿ ಕೂಡಿಸಿದ ಮೇಲೆ ಒಂದು ಗುಂಡು ಕೊಡುವುದು ನಮ್ಮಲ್ಲಿ ಮರ್ಯಾದೆ. ಬೊಟ್ಟಿಗೆ ತಾಗಿಸಿದರೆ ಮರುದಿನ ಕಂಡಿಯಲ್ಲಿ ಬಂದೂಕಿನವನ ಪಕ್ಕ ಅವನಿಗೆ ಜಾಗ. ತಪ್ಪಿದರೆ ಬಡಿದು ಸದ್ದು ಮಾಡಲು ಕೊರಳಿಗೆ ಖಾಲಿ ಎಣ್ಣೆಡಬ್ಬಿ ಕಟ್ಟಿ ಸೋವುವವರ ಮುಂದೆ ನಡೆಸುತ್ತಿದ್ದರು.

ಅಂದು ಕಟ್ಟೆಯ ಹತ್ತಿರ ಓಣಿಯ ಗಂಡಸರೆಲ್ಲ ಸೇರಿದ್ದರು. ಅಪ್ಪ ಮಣಿಯನ್ನು ಇನ್ನಷ್ಟು ಎಡಕ್ಕೆ ತಟ್ಟಿ, ಕೊನೆಯ ಗುಂಡನ್ನು ಬೊಟ್ಟಿನೊಳಗೇ ಇಟ್ಟು, ಬಂದೂಕನ್ನು ಮಾವನ ಕೈಗೆ ಕೊಟ್ಟ.

"ತಗಳಪ್ಪ ಬಾಮೈದ. ಅಕ್ಕನ ಮನೆ ಊಟ ಅರಗೈತೋ ಇಲ್ವೋ ನೋಡಾನ."

"ಭಾವ, ಊಟ ಇನ್ನೂ ಗಂಟಲಾಗೇ ಐತೆ, ನಿಮ್ಮಕ್ಕ ಅಷ್ಟು ಖಾರ ಹಾಕಿದ್ಲು" ಎಂದು ಮಾವ ನಕ್ಕು ಕೆನ್ನೆಗೆ ಹಿಡಿಕೆ ಒತ್ತಿದ.

"ಅವಳು ನನ್ನ ಅಕ್ಕನಲ್ಲಲೇ, ನಿನ್ನ ಅಕ್ಕ!" ಎಂದು ಅಪ್ಪ ಹೇಳುವಷ್ಟರಲ್ಲಿ ಗುಂಡು ಹಾರಿತು.

ಬೊಟ್ಟಿಗೂ ಇಲ್ಲ, ಬಾಗಿಲಿಗೂ ಇಲ್ಲ. ಚಿಲಕದ ಕಡೆಗೆ ಬಾಗಿಲನ್ನೇ ದಾಟಿ, ಅದು ಜಾರದಂತೆ ಅಂಚಿಗೆ ಒತ್ತುಕೊಟ್ಟಿದ್ದ ಕಲ್ಲಿಗೆ ಬಡಿಯಿತು. ಕಲ್ಲು ಸಿಡಿದು ಬಾಗಿಲು ಮುಗ್ಗರಿಸಿ ಬಿತ್ತು. ಧೂಳಿನ ಆಚೆ ಗಂಡಸರ ನಗು ಗುಡ್ಡಕ್ಕೆ ತಾಗಿ ತಿರುಗಿ ಬಂತು.

"ಬಾಗ್ಲು ತೆಗೀರಿ ಅಂದ್ರೆ ತೆಗೀತಿದ್ವಲ್ಲಪ್ಪ, ಒದ್ದು ಯಾಕ್ ಬೀಳಿಸ್ದೆ!" ಎಂದು ಕೂಗಿದವನು ಪಕ್ಕದ ಮನೆಯ ಪಾಲಣ್ಣ. ಅವನಿಗೆ ಬಾಯಿ ಹೆಚ್ಚು. "ಏ, ಡಬ್ಬಿ ತರ್ರೋ, ಒಳ್ಳೇ ಕೊರಳು ಸಿಕ್ಕೈತೆ."

ಮಾವ ನಗಲಿಲ್ಲ. ಬಂದೂಕನ್ನು ತಿರುಗಿಸಿ ಮುರುಗಿಸಿ ನೋಡುತ್ತ ನಿಂತಿದ್ದ. ತನ್ನ ಕೈಯನ್ನೇ ಹೊಸದಾಗಿ ನೋಡುವವನಂತಿದ್ದ. ಎಲ್ಲರೂ ಅವನನ್ನು ಹುಣಸೆಮರದ ನೆರಳಿಗೆ ಎಳೆದುಕೊಂಡು ಹೋಗಿ ಡಬ್ಬಿಗೆ ಹಗ್ಗ ಪೋಣಿಸತೊಡಗಿದರು. ಅಪ್ಪ ಮಾತ್ರ ಉಳಿದ. ಬಂದೂಕಿಗೆ ಕೆಟ್ಟ ಹೆಸರು ಬರಬಾರದೆಂದು ಅವನಿಗೆ ಇನ್ನೊಂದು ಗುಂಡು ಹೊಡೆದು ತೋರಿಸುವ ಆಸೆ. "ಬಾಗ್ಲು ನಿಲ್ಸು ತಾಯೀ" ಎಂದು ಕೂಗಿದ. ನಾನು ಅವಸರದಲ್ಲಿ ಬಾಗಿಲನ್ನು ಎತ್ತಿ ಏರಿಗೆ ಆನಿಸಿ, ಬಂಡೆಯ ಮರೆಗೆ ಓಡಿದೆ.

ಗುಂಡು ಹಾರಿತು. ಇದ್ದಿಲು ಹಿಡಿದು ಹೊರಗೆ ಬಂದೆ. ಗುಂಡು ಬಾಗಿಲಿನ ನಟ್ಟನಡುವೆ ತೂತು ಮಾಡಿತ್ತು.

ಬೊಟ್ಟು ಇರಲಿಲ್ಲ.

ಬಾಗಿಲನ್ನು ನಾನು ಹಿಂದುಮುಂದಾಗಿ ನಿಲ್ಲಿಸಿದ್ದೆ. ಸುಣ್ಣದ ಬೊಟ್ಟು ಏರಿಯ ಮಣ್ಣಿಗೆ ಮುಖ ಮಾಡಿತ್ತು. ಎದುರಿಗಿದ್ದದ್ದು ಅಡ್ಡಪಟ್ಟಿಗಳ ಬರಿಯ ಕಂದು ಮರ.

"ಬೊಟ್ಟಿಗೆ ಎಷ್ಟು ದೂರ?" ಅಪ್ಪ ಕೂಗಿದ. ಅವನ ದನಿಯಲ್ಲಿ ಸಂತೋಷವಿತ್ತು. ನಾನು ಇದ್ದಿಲನ್ನು ಬೆರಳುಗಳಲ್ಲಿ ತಿರುಗಿಸುತ್ತ ನಿಂತೆ. "ಏನ್ ತಾಯಿ, ಒಳಗೇ ಬಿತ್ತಾ?" ಎಂದು ಮತ್ತೆ ಕೇಳಿದ.

ನಾನು ಅಪ್ಪನ ಆಚೆಗೆ ನೋಡಿದೆ. ಹುಣಸೆಮರದ ಕೆಳಗೆ, ಕೊರಳಿಗೆ ಡಬ್ಬಿ ಕಟ್ಟಿಸಿಕೊಳ್ಳುತ್ತ ಬಗ್ಗಿದ್ದ ಮಾವ ತಲೆಯೆತ್ತಿ ನೇರವಾಗಿ ಬಾಗಿಲನ್ನೇ ನೋಡುತ್ತಿದ್ದ. ಅಷ್ಟು ದೂರದಿಂದ ಅವನಿಗೆ ಬೊಟ್ಟಿಲ್ಲದ್ದು ಕಂಡಿತ್ತು. ಆಮೇಲೆ ಅವನು ನನ್ನನ್ನು ನೋಡಿದ.

ಮನೆಗೆ ಹಿಂತಿರುಗುವಾಗ ಮಾವ ಬೇಕೆಂದೇ ಹಿಂದುಳಿದು ನನ್ನ ಜೊತೆಗೆ ಹೆಜ್ಜೆ ಹಾಕಿದ. ನಡೆದಂತೆಲ್ಲ ಡಬ್ಬಿ ಅವನ ಎದೆಗೆ ತಾಗಿ ಸದ್ದಾಗುತ್ತಿತ್ತು.

"ಬಂದೂಕು ಸರಿಯಾಗೈತೆ ಕಣವ್ವ" ಎಂದ ಮೆಲ್ಲಗೆ. "ನನ್ನ ಕಣ್ಣೂ ಸರಿಯಾಗೈತೆ. ಭಾವ ಎಡಗಣ್ಣಾಗೆ ನೋಡ್ತಾನೆ. ಆ ಕಣ್ಣಿಗೆ ಹಿಂದಿನ ಸೀಳು ಕಾಣಲ್ಲ, ಮಣಿ ಒಂದೇ ನೋಡಿ ಹೊಡೀತಾನೆ. ಆ ಕಣ್ಣಿಗೆ ಹೊಂದೋ ಹಂಗೆ ಮಣಿ ತಟ್ಟಿ ತಟ್ಟಿ ಇಟ್ಟಾನೆ. ಇನ್ಯಾರು ಹಿಡಿದ್ರೂ ಗುಂಡು ಬಲಕ್ಕೇ ಹೋಗ್ತದೆ. ಬಲಗಣ್ಣಿಗೆ ಪೊರೆ ಬಂದೈತೆ ಅನ್ಸುತ್ತೆ. ಎಡಗಣ್ಣೂ ಮಂಜಾಗೈತೆ. ಬಾಗ್ಲು ಅಷ್ಟು ದೊಡ್ಡದಿರೋದಕ್ಕೆ ಅವನಿಗೆ ಕಾಣ್ತು. ಬೊಟ್ಟು ಕಂಡಿಲ್ಲ."

"ಅಲ್ಲೇ ಹೇಳಬೇಕಿತ್ತು ಮಾವ" ಎಂದೆ.

"ಗುರಿ ತಪ್ಪಿದೋನು ನಾನು. ಹೊಟ್ಟೆಕಿಚ್ಚಿಗೆ ಹೇಳ್ತಾನೆ ಅಂತಾರೆ. ಪಾಲಣ್ಣನಂಥೋರ ಮುಂದೆ ಭಾವನ ಮಾನ ತೆಗೀಲೇನು?" ಡಬ್ಬಿಯನ್ನು ಸದ್ದಾಗದಂತೆ ಕೈಯಲ್ಲಿ ಒತ್ತಿ ಹಿಡಿದು ಮತ್ತೆ ಹೇಳಿದ: "ನೀನು ಹೇಳು. ನಿನ್ನ ಮಾತು ಅವನು ಕೇಳ್ತಾನೆ. ಬಾಗ್ಲತ್ರ ಇಷ್ಟು ವರ್ಷ ನಿನ್ನ ಮಾತು ಕೇಳ್ಕೊಂಡೇ ಮಣಿ ತಟ್ಟಿದ್ದು."

ಮರುದಿನ ಮಾವ ಆ ಡಬ್ಬಿ ಕಟ್ಟಿಕೊಂಡು ಎಲ್ಲರಿಗಿಂತ ಮುಂದೆ, ಅಪ್ಪನ ಬಂದೂಕಿಗೆ ಎದುರಾಗಿ ನಡೆದು ಬರಬೇಕಿತ್ತು.

ಅಂದು ಮಧ್ಯಾಹ್ನವೆಲ್ಲ ನಾನು ಅಪ್ಪನ ಸುತ್ತಲೇ ಸುಳಿದಾಡಿದೆ. ನೀರು ಕೊಟ್ಟೆ, ಹರಳೆಣ್ಣೆ ತಂದುಕೊಟ್ಟೆ, ಬಟ್ಟೆಯ ಚೂರು ಹರಿದುಕೊಟ್ಟೆ. ಅವನು ಜಗಲಿಯಲ್ಲಿ ಕೂತು, ದಾರಕ್ಕೆ ಬಟ್ಟೆ ಕಟ್ಟಿ ನಳಿಗೆಯೊಳಗೆ ಎಳೆಯುತ್ತಿದ್ದ. ಆ ಕೆಲಸಕ್ಕೆ ಅವನಿಗೆ ಕಣ್ಣು ಬೇಕಿರಲಿಲ್ಲ. ಬೆರಳುಗಳೇ ಎಲ್ಲವನ್ನೂ ಬಲ್ಲವು. ನಾನು ಹೇಳದೆ ಹೋದರೆ ಈ ಕೈಗಳು ನಾಳೆ ಏನು ಮಾಡಿಬಿಡಬಹುದೋ ಎಂದು ಅನ್ನಿಸುತ್ತಿತ್ತು. ಹೇಳಿದರೆ ನಾಳೆಯಿಂದ ಈ ಕೈಗಳಿಗೆ ಏನು ಕೆಲಸ ಎಂದೂ ಅನ್ನಿಸುತ್ತಿತ್ತು. ದಾರಿ ತೆರೆದುಕೊಟ್ಟವನು ಅಪ್ಪನೇ.

"ಆ ಕೊನೇ ಗುಂಡು ಎಲ್ಲಿ ಬಿತ್ತು ಅಂತ ನೀ ಹೇಳ್ಲೇ ಇಲ್ವಲ್ಲೇ."

"ಬಾಗಿಲ ನಡುವೆ ಬಿತ್ತಪ್ಪ."

"ಬೊಟ್ಟಿನೊಳಗೋ, ಅಂಚಿಗೋ?"

"ಬೊಟ್ಟು ಇರ್ಲಿಲ್ಲ." ನನ್ನ ದನಿ ನನಗೇ ಬೇರೆ ಯಾರದೋ ಎಂಬಂತೆ ಕೇಳಿಸಿತು. "ಬಾಗ್ಲು ಹಿಂದುಮುಂದಾಗಿತ್ತಪ್ಪ. ಬೊಟ್ಟು ಏರಿ ಕಡೀಗಿತ್ತು."

ದಾರ ಎಳೆಯುತ್ತಿದ್ದ ಕೈ ನಿಂತಿತು.

"ನಂಗೆ ಕಾಣ್ತಲ್ಲೇ" ಎಂದ. ಅದು ಸುಳ್ಳಿನ ದನಿಯಾಗಿರಲಿಲ್ಲ. "ಬೆಳ್ಳಗೆ ಕಾಣ್ತು. ಎಷ್ಟು ವರ್ಷದಿಂದ ನೋಡಿದೀನಿ, ಅದು ಇರೋ ಜಾಗದಾಗೆ ಕಂಡೇ ಕಾಣ್ತೈತೆ." ಆಮೇಲೆ ಒಮ್ಮೆಗೇ ಸಿಟ್ಟು ಬಂತು. "ಯಾರ್ಯಾರಿಗೆ ಗೊತ್ತು? ಓಣಿಗೆಲ್ಲ ಡಂಗುರ ಹೊಡೆದ್ಯಾ? ಕಂಡಿ ಬಿಟ್ಕೊಟ್ಟು ನಾನೇನು ಕೋಳಿ ಕಾಯ್ಕೊಂಡು ಕೂರ್ಲಾ?"

"ಮಾವಂಗೆ ಮಾತ್ರ ಗೊತ್ತು. ಅವನೂ ಯಾರಿಗೂ ಹೇಳಿಲ್ಲ. ನಾಳೆ ಡಬ್ಬಿ ಕಟ್ಕೊಂಡು ನಿನ್ನ ಎದುರಿಗೆ ಬರ್ತಾನಂತೆ."

ಅವ್ವ ಯಾವಾಗ ಬಾಗಿಲಿಗೆ ಬಂದು ನಿಂತಿದ್ದಳೋ ತಿಳಿಯದು. ಕೈಯೆಲ್ಲ ಮುದ್ದೆಯ ಹಿಟ್ಟು. ಅವಳು ಅಪ್ಪನನ್ನು ಬೈಯಲಿಲ್ಲ. "ಕತ್ತಲಾಗೋದ್ರೊಳಗೆ ಏನಾದ್ರೂ ಮಾಡು" ಎಂದಷ್ಟೇ ಹೇಳಿ ಒಳಗೆ ಹೋದಳು. ಅವಳು ಅಳುತ್ತಿದ್ದುದು ಒಲೆಯ ಮುಂದಿನಿಂದ ಕೇಳುತ್ತಿತ್ತು.

ಅಪ್ಪ ಬಂದೂಕನ್ನು ಮಡಿಲಲ್ಲಿ ಮಲಗಿಸಿಕೊಂಡ. ಸುತ್ತಿಗೆಯನ್ನೂ ಕಟ್ಟಿಗೆಯ ತುಂಡನ್ನೂ ಹತ್ತಿರ ಎಳೆದುಕೊಂಡ. "ಬಾ ಇಲ್ಲಿ. ನಿಮ್ಮ ತಾತ ಕೊರೆದ ಗೀರು ಕಾಣ್ತದಾ ನಿಂಗೆ?"

ಎಣ್ಣೆ ಧೂಳು ಮೆತ್ತಿಕೊಂಡು ಅದು ಮುಚ್ಚಿಹೋಗಿತ್ತು. ಉಗುರಿನಿಂದ ಕೆರೆದೆ. "ಕಾಣ್ತದಪ್ಪ."

ಅವನು ಮಣಿಯನ್ನು ಬಲಕ್ಕೆ ತಟ್ಟಿದ. "ಸಾಕಾ?"

"ಇನ್ನೂ."

ತಟ್ಟಿದ. "ಸಾಕಾ?"

"ಇನ್ನೂ ಅಪ್ಪ."

ಅವನು ನನ್ನ ಮುಖ ನೋಡಿದ. ನಾನು ತಮಾಷೆ ಮಾಡುತ್ತಿರಬಹುದೇ ಎಂದು ನೋಡಿದಂತಿತ್ತು. ಮತ್ತೆ ತಟ್ಟಿದ. ನಾನು ಮತ್ತೆ "ಇನ್ನೂ" ಎಂದೆ. ಆ ಪದವನ್ನು ಅಷ್ಟು ಸಲ ಹೇಳಬೇಕಾಗಿ ಬಂದದ್ದು ನನಗೆ ಇವತ್ತಿಗೂ ಸಹಿಸಲಾಗದ ನೆನಪು. ಒಂದೊಂದು ಸಲಕ್ಕೂ ಅವನ ಕೈ ನಿಧಾನವಾಗುತ್ತಿತ್ತು. ಎಷ್ಟು ಬೇಟೆಗಳಲ್ಲಿ, ಎಷ್ಟು ಜನ ತನ್ನ ಎದುರಿಗೆ ನಡೆದು ಬಂದಿದ್ದರೆಂದು ಅವನು ಮನಸ್ಸಿನಲ್ಲೇ ಹಿಂದಕ್ಕೆ ಎಣಿಸುತ್ತಿದ್ದನೇನೋ. ಕೊನೆಗೆ ಮಣಿ ಗೀರಿನ ಮೇಲೆ ಕೂತಾಗ ನಾನು "ಸಾಕು" ಎಂದೆ. ಅವನು ಸುತ್ತಿಗೆಯನ್ನು ಕೆಳಗಿಟ್ಟು ಎರಡೂ ಅಂಗೈಗಳಿಂದ ಮುಖ ಒರೆಸಿಕೊಂಡ.

"ಬೊಮ್ಮಾ!" ಎಂದು ಹಿತ್ತಲಿನ ಕಡೆಗೆ ಕೂಗಿದ. "ಆ ದರಿದ್ರ ಡಬ್ಬಿ ಬಿಚ್ಚಿಟ್ಟು ಬಾರಲೇ. ಹೊತ್ತು ಮುಳುಗಕ್ಕೆ ಮುಂಚೆ ಕಟ್ಟೆ ತಾವ ಹೋಗಾನ."

ಮೂವರೂ ಹೋದೆವು. ನಾನು ಬಾಗಿಲನ್ನು ಸರಿಯಾಗಿ ತಿರುಗಿಸಿ, ಬೊಟ್ಟಿಗೆ ಇನ್ನೊಂದು ಕೈ ಸುಣ್ಣ ಬಳಿದೆ. ಇಳಿಬಿಸಿಲಿನಲ್ಲಿ ಅದು ಬೆಳಗಿನ ಹಾಗೆ ಬಿಳುಪಾಗಿರದೆ ಬೆಣ್ಣೆಯ ಬಣ್ಣಕ್ಕೆ ತಿರುಗಿತ್ತು. ಒಣಗುವವರೆಗೆ ಕಾಯಬೇಕೆಂದು ಅಪ್ಪ ಹಟ ಹಿಡಿದ. ಬೀಡಿ ಹಚ್ಚಿದ, ಮಾವನಿಗೂ ಒಂದು ಕೊಟ್ಟ. ಆಮೇಲೆ ಮಾವ ಕೆನ್ನೆಗೆ ಹಿಡಿಕೆ ಒತ್ತಿದಾಗ ಅಪ್ಪ ಮುಖವನ್ನು ಬಾಗಿಲಿನ ಕಡೆಗಲ್ಲದೆ ನನ್ನ ಬಂಡೆಯ ಕಡೆಗೆ ತಿರುಗಿಸಿಕೊಂಡು ನಿಂತಿದ್ದ.

ಗುಂಡು ಹಾರಿತು. ನಾನು ಓಡಿಬಂದು ನೋಡಿ ಕೂಗಿದೆ. "ಬೊಟ್ಟಿನೊಳಗೆ!"

ಅಪ್ಪ ಕೈಯೆತ್ತಿದ. ಎಂದಿನಂತೆ.

ಬೆಳಿಗ್ಗೆ ಎಲ್ಲರೂ ನಮ್ಮ ಅಂಗಳದಲ್ಲಿ ಸೇರಿದರು. ಪಾಲಣ್ಣ ಬಂದವನೇ "ಎಲ್ಲಪ್ಪ ನಮ್ಮ ಡಬ್ಬಿ ಮದುಮಗ?" ಎಂದು ಹುಡುಕಿದ. ಅಪ್ಪ ಜಗಲಿಯಿಂದ ಇಳಿದ. ಡಬ್ಬಿ ಅವನ ಕೊರಳಲ್ಲಿತ್ತು.

"ನಿನ್ನೆ ಬೊಮ್ಮಂದು ತಪ್ಪಿಲ್ಲ. ಮಣಿ ನನ್ನ ಕಣ್ಣಿಗೆ ಕೂಡಿಸಿದ್ದು. ನನ್ನ ಕಣ್ಣು ಹೋಗೈತೆ. ಇವತ್ತು ಅವನು ಕಂಡಿಗೆ, ನಾನು ಹಳುವಿಗೆ."

ಗಾದ್ರಜ್ಜ ಕೋಲೂರಿಕೊಂಡು ಅಪ್ಪನ ಹತ್ತಿರ ಬಂದು, ಅವನ ಗಲ್ಲ ಹಿಡಿದು ಬೆಳಕಿಗೆ ತಿರುಗಿಸಿ ಕಣ್ಣು ನೋಡಿದ. "ಎಷ್ಟು ವರ್ಷಾತ್ಲಾ ಕಾಟಾ?"

"ನಂಗೇ ಗೊತ್ತಾಗ್ಲಿಲ್ಲಜ್ಜ. ಮಗಳು ಹೇಳಿದ್ಲು."

ಪಾಲಣ್ಣ ತನ್ನ ಎದೆಯನ್ನೂ ಹೊಟ್ಟೆಯನ್ನೂ ಮೆಲ್ಲಗೆ ಸವರಿಕೊಂಡ. "ಹೋದ ವರ್ಷ ನಾನೇ ಮುಂದಿದ್ದೆ ಕಣ್ರಪ್ಪೋ" ಎಂದ. ಯಾರೋ ಕಿಸಕ್ಕೆಂದು ನಕ್ಕರು. ಆಮೇಲೆ ಎಲ್ಲರೂ ನಕ್ಕರು, ಅಪ್ಪನೂ ನಕ್ಕ. ಗಾದ್ರಜ್ಜ ಮಾತ್ರ ನಗದೆ ನನ್ನ ಕಡೆಗೆ ತಿರುಗಿದ. ನನ್ನ ತಲೆಯ ಮೇಲೆ ಕೈಯಿಟ್ಟು ಹೋದ.

ಹೆಂಗಸರು ಬೇಟೆಗೆ ಹೋಗುವಂತಿರಲಿಲ್ಲ. ಹೊಲದ ಬದುವಿನವರೆಗೆ ಹೋಗಿ ನಿಂತೆ. ಗುಡ್ಡದ ಆಚೆಯಿಂದ ತಮಟೆಯ ಸದ್ದು ಮೇಲೇರಿ ಬಂತು, ಕೂಗು ಬಂತು. ಆ ಸದ್ದುಗಳ ನಡುವೆ ಎಲ್ಲೋ ಅಪ್ಪ, ಮಂಜುಗಣ್ಣಿನಲ್ಲಿ ಮುಳ್ಳುಪೊದೆಗಳನ್ನು ಸರಿಸುತ್ತ, ಬಂದೂಕಿನ ಎದುರಿಗೆ ನಡೆಯುತ್ತಿದ್ದ. ಗೀರು ಕಂಡದ್ದು ನನಗೆ, ಸಾಕು ಎಂದವಳು ನಾನು. ಅದು ನೆನಪಾಗಿ ಬದುವಿನ ಕಲ್ಲನ್ನು ಬಿಗಿಯಾಗಿ ಹಿಡಿದುಕೊಂಡೆ.

ಒಂದೇ ಗುಂಡಿನ ಸದ್ದು. ಬಂಡೆಗಳ ಮೇಲಿಂದ ಗೌಜಲಕ್ಕಿಗಳು ಒಮ್ಮೆಗೇ ಹಾರಿದವು. ತಮಟೆ ನಿಂತಿತು. ಹಕ್ಕಿಗಳು ಒಂದೊಂದಾಗಿ ಇಳಿದು ಕೂರುವವರೆಗೂ ಯಾವ ಕೂಗೂ ಕೇಳಲಿಲ್ಲ.

ಮೊದಲು ಕಂಡದ್ದು ಹಂದಿಯನ್ನು ಗಳಕ್ಕೆ ಕಟ್ಟಿ ಹೊತ್ತವರು. ಅವರ ಹಿಂದೆ ಮಾವ, ಹೆಗಲಲ್ಲಿ ಬಂದೂಕು. ಬಹಳ ಹಿಂದೆ, ಯಾರ ಕೈಯನ್ನೂ ಹಿಡಿಯದೆ, ಕಾಲಿನಿಂದ ಕಲ್ಲುಗಳನ್ನು ತಡವುತ್ತ ಅಪ್ಪ ಇಳಿಯುತ್ತಿದ್ದ. ಅಂಗಿಯ ತೋಳು ಮುಳ್ಳಿಗೆ ಹರಿದಿತ್ತು. ಗುಡ್ಡದ ಬುಡದಲ್ಲಿ ಕಾಲುದಾರಿ ಎರಡಾಗುವ ಕಡೆ ಬಂದು ನಿಂತ. ಉಳಿದವರು ಆಗಲೇ ಊರಿನ ದಾರಿ ಹಿಡಿದಿದ್ದರು. ಅವನು ಹಣೆಗೆ ಕೈ ಅಡ್ಡ ಹಿಡಿದು ಹೊಲದ ಕಡೆಗೆಲ್ಲ ನೋಡಿದ. ನಾನು ಅಲ್ಲೇ ಇದ್ದೆ, ಅವನಿಗೆ ಕಾಣಲಿಲ್ಲ.

ಹೊತ್ತವರು ನಿಂತು ತಿರುಗಿ ನೋಡುವ ಹಾಗೆ, ಓಣಿಯ ಗಂಡಸರೆಲ್ಲರ ಎದುರಿಗೆ, ನಾನು ಗಂಟಲೆತ್ತಿ ಕೂಗಿದೆ. "ಅಪ್ಪಾ, ಇಲ್ಲಿದೀನಿ!"

ಅವನ ಮುಖ ಮೊದಲು ನನ್ನನ್ನು ದಾಟಿ ಆಚೆಗೆ ಹೊರಳಿತು. ಇನ್ನೊಮ್ಮೆ ಕೂಗಿದೆ. ಅದು ನಿಧಾನವಾಗಿ ಹಿಂದಕ್ಕೆ ತಿರುಗಿ, ನನ್ನ ಮೇಲೆ ಬಂದು ನಿಂತಿತು. ಆಮೇಲೆ ಅವನು ಶೇಂಗಾ ಸಾಲುಗಳ ನಡುವೆ, ನೇರವಾಗಿ, ನಡೆದು ಬರತೊಡಗಿದ.